ಕಟ್ಟಿದ ನಾಯಿಯ ನೆರಳು

ವಿಷು ಕಳೆಯಿತು; ಪತ್ತನಾಜೆಗೆ ಇನ್ನೂ ದಿನಗಳಿವೆ. ವರ್ಷಕ್ಕೆ ಮೂರು ಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಹನ್ನೆರಡು ಹೊಳೆಗಳ ಈ ಕಾಸರಗೋಡು ಜಿಲ್ಲೆಯಲ್ಲಿ ಇದೀಗ ಹೊಳೆಗಳ ಮರಳು ಮೇಲೆದ್ದಿದೆ. ಬಾವಿಯ ಹಗ್ಗ ದಿನದಿಂದ ದಿನಕ್ಕೆ ಉದ್ದವಾಗುತ್ತಿದೆ. ಸುರಂಗದ ನೀರು ನೂಲಿನಷ್ಟು ಸಪೂರವಾಗಿದೆ. ಸೆಕೆಯ ಮಾತಿಲ್ಲದ ಮನೆಯಿಲ್ಲ. ಬಿಸಿಲಲ್ಲಿ ದುಡಿಯುವವರಿಗೆ ನಡುಹಗಲು 12ರಿಂದ 3ರವರೆಗೆ ವಿರಾಮವಿರಬೇಕೆಂದು ಕೇರಳದ ಕಾರ್ಮಿಕ ಇಲಾಖೆ ಬೇಸಗೆ ಬಂದಾಗ ಆದೇಶ ಹೊರಡಿಸುತ್ತದೆ, ಅದು ಯೋಗ್ಯವೇ. ತೋಟದ ಕಂಗಿನ ಬುಡಕ್ಕೆ ನೀರು ಬಿಡುವುದನ್ನು ನಾವು ಮರೆಯುವುದಿಲ್ಲ, ಹಟ್ಟಿಯ ದನಕ್ಕೆ ಅಕ್ಕಚ್ಚು ಇಡುವುದನ್ನೂ ಮರೆಯುವುದಿಲ್ಲ. ಮರೆತುಹೋಗುವುದು ಗೇಟಿನ ಬಳಿ ಸರಪಳಿಯಲ್ಲಿ ಬಿದ್ದುಕೊಂಡಿರುವ ನಾಯಿಯೊಂದನ್ನೇ.

ನಾಯಿಯ ಬಗ್ಗೆ ಸಂಪಾದಕೀಯವೇ ಎಂದು ಕೆಲವರು ಮೂಗು ಮುರಿಯಬಹುದು. ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಅಧ್ಯಾಪಕರ ನೇಮಕದಂತಹ ದೊಡ್ಡ ಪ್ರಶ್ನೆಗಳು ನಮ್ಮ ಮುಂದಿವೆ ಎಂಬುದು ನಮಗೂ ಗೊತ್ತು. ಆ ಪ್ರಶ್ನೆಗಳಿಗೆ ಉತ್ತರ ಸಿಗಬೇಕಾದದ್ದು ತಿರುವನಂತಪುರದಿಂದ. ಇಂದು ನಾವು ಹೇಳಹೊರಟಿರುವ ಮಾತಿಗೆ ಉತ್ತರ ನಮ್ಮ ನಮ್ಮ ಅಂಗಳದಲ್ಲೇ ಇದೆ. ಅದೂ ಇಂದು ಮಧ್ಯಾಹ್ನವೇ.

ಪರರಿಗೆ ಉಪದೇಶವೆಂದು ಇದನ್ನು ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಈ ಸಾಲುಗಳನ್ನು ಬರೆಯುತ್ತಿರುವ ನಮ್ಮ ಮನೆಯಲ್ಲೇ ನಡೆದ ಸಂಗತಿ ಇದಕ್ಕೆ ಕಾರಣ. ಏಪ್ರಿಲ್ ತಿಂಗಳ ಒಂದು ಭಾನುವಾರ, ಹತ್ತಿರದ ಬಂಧುಗಳಲ್ಲಿ ಮದುವೆ. ಬೆಳಿಗ್ಗೆ ಏಳಕ್ಕೆ ಮನೆಮಂದಿಯೆಲ್ಲ ಹೊರಟೆವು. ಕರಿಯನೆಂಬ ನಮ್ಮ ನಾಯಿಯನ್ನು ಮನೆಯ ಪಡುಬದಿಯ ಕಂಬಕ್ಕೆ ಕಟ್ಟಿ, ಅಲ್ಯುಮಿನಿಯಂ ತಟ್ಟೆಯಲ್ಲಿ ನೀರಿಟ್ಟೆವು. ಮನೆಯ ನೆರಳು ಪಡುವಣಕ್ಕೆ ಉದ್ದವಾಗಿ ಬಿದ್ದಿತ್ತು, ತಂಪಾಗಿಯೂ ಇತ್ತು. ಮದುವೆಯ ಊಟ ಮುಗಿಸಿ, ನೆಂಟರಿಷ್ಟರೊಡನೆ ಮಾತಾಡಿ, ಹಿಂದಿರುಗುವಾಗ ಗಂಟೆ ಮೂರೂವರೆ. ನೆರಳು ಮನೆಯ ಮೂಡುಬದಿಗೆ ಸರಿದು ಎಷ್ಟೋ ಹೊತ್ತಾಗಿತ್ತು. ಸರಪಳಿ ತಾಗಿ ತಟ್ಟೆ ಮಗುಚಿತ್ತು. ಕಂಬದ ಸುತ್ತ ಅದು ಕೆರೆದ ಗುರುತು ಸಿಮೆಂಟಿನ ಮೇಲೆ ಬಿಳಿಬಿಳಿಯಾಗಿ ಕಾಣುತ್ತಿತ್ತು. ನಾಯಿಗೆ ಉಸಿರಿತ್ತು; ಆದರೆ ಎದ್ದು ನಿಲ್ಲಲಿಲ್ಲ. ಭಾನುವಾರವಾದುದರಿಂದ ವೈದ್ಯರನ್ನು ಹುಡುಕುವುದರೊಳಗೆ ಸಂಜೆಯಾಯಿತು. ನೀರನ್ನೂ ಇಟ್ಟಿದ್ದೆವು, ನೆರಳನ್ನೂ ನೋಡಿದ್ದೆವು. ಎರಡೂ ಬೆಳಗ್ಗಿನವು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಶಾಲೆಯಲ್ಲಿ ಮಕ್ಕಳಿಗೆ ಭೂಗೋಳ ಕಲಿಸುವಾಗ ಹೇಳುವ ಪಾಠವೇ ಇದು. ನಮ್ಮ ಜಿಲ್ಲೆ ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ನೇರಕ್ಕೆ ಬರುತ್ತಾನೆ. ಆ ದಿನಗಳ ನಡುಹಗಲಲ್ಲಿ ನೆಟ್ಟ ಕಂಬಕ್ಕೆ ನೆರಳೆಂಬುದೇ ಇರುವುದಿಲ್ಲ. ಗೋಡೆಯ ಬದಿ, ಕಂಬದ ಬುಡ, ಆವರಣ ಗೋಡೆಯ ಮೂಲೆ - ಇವೆಲ್ಲ ಬೆಳಿಗ್ಗೆಗೋ ಸಂಜೆಗೋ ನೆರಳು ಕೊಡುವ ಜಾಗಗಳೇ ಹೊರತು ಮಧ್ಯಾಹ್ನ ಕೊಡುವವಲ್ಲ. ಇದನ್ನು ಕರಿಹಲಗೆಯ ಮೇಲೆ ಬರೆಯಬಲ್ಲವರು ನಮ್ಮ ಅಂಗಳದಲ್ಲಿ ನೆನಪಿಡಲಿಲ್ಲ.

ಬಿಟ್ಟ ನಾಯಿಗೆ ಈ ಪಾಠ ಬೇಕಾಗಿಲ್ಲ. ಬೇಸಗೆಯ ಮಧ್ಯಾಹ್ನ ಅದು ಎಲ್ಲಿ ಮಲಗುತ್ತದೆಂದು ನೋಡಿ: ಬಾವಿಕಟ್ಟೆಯ ಒದ್ದೆ ನೆಲದಲ್ಲಿ, ತೋಟದ ಕಣಿಯಲ್ಲಿ, ಬಾಳೆಯ ಬುಡದಲ್ಲಿ, ಸುರಂಗವಿರುವ ಮನೆಯಾದರೆ ಅದರ ಬಾಯಿಯಲ್ಲಿ. ಮೇಲಿನ ಬಿಸಿಮಣ್ಣನ್ನು ಕೆರೆದು ತೆಗೆದು, ಕೆಳಗಿನ ತಣ್ಣನೆಯ ಮಣ್ಣಿಗೆ ಹೊಟ್ಟೆ ತಾಗಿಸಿ ಮಲಗುತ್ತದೆ. ನೆರಳು ಸರಿದಂತೆ ತಾನೂ ಸರಿಯುತ್ತದೆ. ಈ ಎಲ್ಲ ಬುದ್ಧಿಯೂ ಅದಕ್ಕೆ ಹುಟ್ಟಿನಿಂದ ಬಂದುದು. ಸರಪಳಿ ಹಾಕಿದ ಕೂಡಲೇ ಬುದ್ಧಿ ಉಳಿಯುತ್ತದೆ, ಉಪಾಯ ಹೋಗುತ್ತದೆ. ಆದುದರಿಂದ ಕಟ್ಟಿದ ನಾಯಿಗೆ ನೆರಳು, ನೀರು ಕೊಡುವುದು ದಯೆಯ ಪ್ರಶ್ನೆಯಲ್ಲ. ಅದು ತಾನೇ ಮಾಡಿಕೊಳ್ಳುತ್ತಿದ್ದ ಕೆಲಸವನ್ನು ನಾವು ಅದರ ಕೈಯಿಂದ ಕಿತ್ತುಕೊಂಡಿದ್ದೇವೆ. ಆ ಕೆಲಸ ಈಗ ನಮ್ಮದು. ಕಟ್ಟಲೇಬಾರದೆಂದು ನಾವು ಹೇಳುತ್ತಿಲ್ಲ. ದಾರಿಯಲ್ಲಿ ಮಕ್ಕಳು ನಡೆಯುವ ಊರಿನಲ್ಲಿ ನಾಯಿಯನ್ನು ಕಟ್ಟಬೇಕಾಗುತ್ತದೆ. ಆದರೆ ಕಟ್ಟಿದವರ ಮೇಲೆ ಹೊಣೆ ಇದೆ.

ನಮ್ಮ ಕರಾವಳಿಯ ಸೆಕೆ ನಾಯಿಗೆ ಏಕೆ ಇಷ್ಟು ಕಷ್ಟ ಎಂಬುದನ್ನು ತಿಳಿಯಬೇಕು. ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ, ಬೆವರು ಆರಿದಾಗ ಮೈ ತಣಿಯುತ್ತದೆ. ನಾಯಿ ಬೆವರುವುದು ಅಂಗಾಲಿನಲ್ಲಿ ಮಾತ್ರ, ಅದೂ ಲೆಕ್ಕಕ್ಕಿಲ್ಲದಷ್ಟು. ಅದಕ್ಕಿರುವ ಮುಖ್ಯ ದಾರಿ ನಾಲಿಗೆ ಹೊರಹಾಕಿ ಏದುವುದು. ನಾಲಿಗೆಯ ಮತ್ತು ಉಸಿರು ಸಾಗುವ ದಾರಿಯ ತೇವ ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನೂ ಒಯ್ಯುತ್ತದೆ. ಆದರೆ ಗಾಳಿಯಲ್ಲೇ ತೇವ ತುಂಬಿರುವಾಗ ನಾಲಿಗೆಯ ತೇವ ಆರುವುದಾದರೂ ಹೇಗೆ? ಹಗ್ಗದಲ್ಲಿ ಹಾಕಿದ ಬಟ್ಟೆ ಸೆಕೆಯ ದಿನ ಒಣಗಲು ತಡವಾಗುವಂತೆಯೇ ಇದು. 2024ರ ಏಪ್ರಿಲ್‌ನಲ್ಲಿ ಪಾಲಕ್ಕಾಡಿನಲ್ಲಿ ಉಷ್ಣತೆ 41 ಡಿಗ್ರಿ ದಾಟಿದಾಗ ಹವಾಮಾನ ಇಲಾಖೆ ಅಲ್ಲಿ ಉಷ್ಣ ಅಲೆಯನ್ನು ಘೋಷಿಸಿತು. ನಮ್ಮಲ್ಲಿ 34, 35 ಡಿಗ್ರಿ ತಾನೇ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಡಲ ತೇವ ಸೇರಿದ 35 ಡಿಗ್ರಿಯೇ ಕಟ್ಟಿದ ನಾಯಿಯ ಪ್ರಾಣಕ್ಕೆ ಎರವಾಗಬಲ್ಲುದು.

ಎಲ್ಲ ನಾಯಿಗಳೂ ಒಂದೇ ಅಲ್ಲ. ಊರ ನಾಯಿಯ ರೋಮ ಗಿಡ್ಡ, ಮೈ ಸಪೂರ, ಮೂತಿ ಉದ್ದ. ಈ ಹವೆಗೆ ಹೊಂದಿ ಬೆಳೆದ ಜಾತಿ ಅದು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಊರುಗಳಿಗೆ ಬೇರೆ ನಾಯಿಗಳು ಬಂದಿವೆ. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇಬ್ಬರೇ. ಕಾವಲಿಗಿರಲಿ ಎಂದು ಅಲ್ಸೇಷಿಯನ್ನೋ ರಾಟ್‌ವೀಲರೋ ತಂದು ಬಿಟ್ಟುಹೋಗುತ್ತಾರೆ. ಚಳಿದೇಶದ ಹಸ್ಕಿಯನ್ನು ಸಹ ಹಣವಂತರು ಸಾಕುತ್ತಾರೆ. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್ ಜಾತಿಗಳಿಗೆ ಉಸಿರಿನ ದಾರಿಯೇ ಕಿರಿದು. ಏದಿ ಬಿಸಿ ಕಳೆಯುವುದು ಅವಕ್ಕೆ ಬಹಳ ಕಷ್ಟ. ದಪ್ಪ ಮೈಯವು, ಮುದಿಯಾದವು, ಪುಟ್ಟ ಮರಿಗಳು, ಹೃದಯದ ಕಾಯಿಲೆಯವು - ಇವೆಲ್ಲವೂ ಬೇಗ ಸೋಲುತ್ತವೆ. ಇಂತಹ ನಾಯಿಗಳನ್ನು ಈ ಎರಡು ತಿಂಗಳು ಹಗಲಲ್ಲಿ ಮನೆಯೊಳಗೆ, ಫ್ಯಾನಿನ ಗಾಳಿಯಿರುವಲ್ಲಿ ಬಿಟ್ಟುಕೊಳ್ಳುವುದೇ ಕ್ಷೇಮ. ಮಡಿ ಮೈಲಿಗೆಯ ಯೋಚನೆಯುಳ್ಳ ಮನೆಗಳಲ್ಲಿ ಹಿಂಬದಿಯ ಕೊಟ್ಟಿಗೆಯ ಒಂದು ಮೂಲೆಯಾದರೂ ಸಾಕು.

ನಾಯಿ ಬದಲಾದಂತೆ ಮನೆಯೂ ಬದಲಾಗಿದೆ. ಹಿಂದಿನ ಅಂಗಳ ಸೆಗಣಿ ಸಾರಿಸಿದ ಮಣ್ಣಿನದು. ಮೇಲೆ ಅಡಿಕೆ ಸೋಗೆಯ ಚಪ್ಪರ. ಈಗಿನದು ಇಂಟರ್‌ಲಾಕ್ ಹಾಸು. ನಾಯಿಗೂಡೆಂದರೆ ಕಬ್ಬಿಣದ ಸರಳು, ಮೇಲೆ ತಗಡಿನ ಶೀಟು. ಬಿಸಿಲಲ್ಲಿ ನಿಂತ ಅಂತಹ ಗೂಡು ಗೂಡಲ್ಲ, ಒಲೆ. ಅದನ್ನು ಕಿತ್ತು ಹೊಸತು ಕಟ್ಟಿಸಬೇಕೆಂದು ನಾವು ಹೇಳುವುದಿಲ್ಲ. ಶೀಟಿನ ಮೇಲೆ ಒಂದು ಅಡಿ ಎತ್ತರ ಬಿಟ್ಟು ಹೆಣೆದ ತೆಂಗಿನ ಮಡಲನ್ನೋ ಅಡಿಕೆ ಸೋಗೆಯನ್ನೋ ಹೊದೆಸಿ, ನಡುವೆ ಗಾಳಿಯಾಡಲಿ. ಸಾಧ್ಯವಿದ್ದರೆ ಗೂಡನ್ನೇ ಮಾವಿನ ಅಥವಾ ಹಲಸಿನ ಬುಡಕ್ಕೆ ಸರಿಸಿ. ನೆಲಕ್ಕೆ ಒದ್ದೆ ಗೋಣಿ ಹಾಸಿ, ಆರಿದಂತೆ ಮತ್ತೆ ನೆನೆಸಿ. ಎಲ್ಲಕ್ಕಿಂತ ಮೇಲಾದ ಉಪಾಯ ನಮ್ಮ ತೋಟದ ಮನೆಗಳಲ್ಲಿ ಹಿಂದಿನಿಂದಲೂ ಇದ್ದುದೇ: ಎರಡು ಮರಗಳ ನಡುವೆ ತಂತಿ ಎಳೆದು, ಅದರಲ್ಲಿ ಬಳೆ ಜಾರುವಂತೆ ಸರಪಳಿ ಸಿಕ್ಕಿಸುವುದು. ನಾಯಿ ಕಟ್ಟಿಯೂ ಇರುತ್ತದೆ, ನೆರಳು ಹೋದೆಡೆಗೆ ತಾನೂ ಹೋಗುತ್ತದೆ. ಇದಕ್ಕೆ ಬೇಕಾದದ್ದು ಹತ್ತಿಪ್ಪತ್ತು ಅಡಿ ತಂತಿ, ಒಂದು ಬಳೆ. ಸರಪಳಿ ಮರಕ್ಕೆ ಸುತ್ತಿಕೊಂಡು ಗಿಡ್ಡವಾಗದಂತೆ ತಂತಿಯ ಎರಡು ಕೊನೆಗಳಲ್ಲಿ ತಡೆಗಂಟು ಹಾಕಲು ಮರೆಯಬಾರದು.

ನೀರಿನ ವಿಷಯ. ಸಾಮಾನ್ಯ ದಿನಗಳಲ್ಲಿ ನಾಯಿಗೆ ಮೈತೂಕದ ಕಿಲೋ ಒಂದಕ್ಕೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. ಇಪ್ಪತ್ತು ಕಿಲೋದ ನಾಯಿಗೆ ಒಂದು ಲೀಟರಿಗೂ ಮೇಲೆ. ಬೇಸಗೆಯಲ್ಲಿ ಅದು ಇಮ್ಮಡಿಯಾಗಬಹುದು. ಹಗುರವಾದ ತಟ್ಟೆ ಬೇಡ. ಮಗುಚದ ಕಲ್ಲಿನ ಮರಿಗೆ ಅಥವಾ ಅಗಲ ಬಾಯಿಯ ಮಣ್ಣಿನ ಪಾತ್ರೆ ಇರಲಿ; ಮಣ್ಣಿನದಾದರೆ ನೀರೂ ತಣ್ಣಗಿರುತ್ತದೆ. ಒಂದರ ಬದಲು ಎರಡು ಪಾತ್ರೆಗಳನ್ನು ಎರಡು ಕಡೆ ಇಡುವುದು ಇನ್ನೂ ಒಳ್ಳೆಯದು. ಊಟವನ್ನು ಹೊತ್ತೇರುವ ಮೊದಲು ಮತ್ತು ಹೊತ್ತು ಇಳಿದ ಮೇಲೆ ಕೊಡಬೇಕು. ಮಧ್ಯಾಹ್ನದ ಅನ್ನ ಸೆಕೆಗೆ ಬೇಗ ಹಳಸುತ್ತದೆ. ಉಳಿದುದನ್ನು ಸಂಜೆಯವರೆಗೆ ಇಡಬಾರದು. ನಡೆಸಲು ಒಯ್ಯುವವರು ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸೂರ್ಯಾಸ್ತವಾಗಿ ರಸ್ತೆ ಆರಿದ ಮೇಲೆ ಹೊರಡಲಿ. ಡಾಮರಿನ ಮೇಲೆ ನಮ್ಮ ಅಂಗೈಯ ಹಿಂಬದಿಯನ್ನು ಏಳು ಎಣಿಸುವವರೆಗೆ ಇಡಲಾಗದಿದ್ದರೆ ಅದು ನಾಯಿಯ ಅಂಗಾಲಿಗೂ ಆಗದು. ಪೇಟೆಗೆ ಹೋದಾಗ ಕಾರಿನಲ್ಲಿ ಬಿಟ್ಟು ಹೋಗುವ ಅಭ್ಯಾಸವಂತೂ ಸಲ್ಲದು. ಬಿಸಿಲಲ್ಲಿ ನಿಂತ ಕಾರಿನ ಒಳಗೆ ಅರ್ಧ ಗಂಟೆಯಲ್ಲಿ ಹೊರಗಿನದಕ್ಕಿಂತ ಹದಿನೈದು ಡಿಗ್ರಿಗೂ ಮೇಲೆ ಬಿಸಿಯೇರಬಹುದು. ಗಾಜನ್ನು ಎರಡು ಬೆರಳು ಇಳಿಸಿದರೆ ಹೆಚ್ಚಿನ ಪ್ರಯೋಜನವಿಲ್ಲ. ಸೆಕೆಯೆಂದು ದಟ್ಟ ರೋಮದ ನಾಯಿಯನ್ನು ಬೋಳಿಸುವುದೂ ತಪ್ಪು. ಆ ರೋಮವೇ ಬಿಸಿಲಿಗೆ ಅಡ್ಡವಾಗಿರುತ್ತದೆ. ಬಾಚಿ ಒಳರೋಮ ತೆಗೆದರೆ ಸಾಕು. ಬಾಚುವಾಗ ಉಣ್ಣಿಗಳಿವೆಯೇ ಎಂದೂ ನೋಡಿದಂತಾಗುತ್ತದೆ.

ಇಷ್ಟಾದರೂ ಕೆಲವೊಮ್ಮೆ ನಾಯಿ ಬಿಸಿಲಿಗೆ ಸೋಲುವುದುಂಟು. ಲಕ್ಷಣಗಳು ಅಡಗಿರುವುದಿಲ್ಲ. ನೆರಳಿಗೆ ಬಂದರೂ ಏದುವುದು ನಿಲ್ಲದು. ಜೊಲ್ಲು ದಪ್ಪವಾಗಿ ಅಂಟಂಟಾಗುತ್ತದೆ. ವಸಡು ಕಡುಗೆಂಪಾಗುತ್ತದೆ, ಮುಂದುವರಿದಂತೆ ಬಿಳಿಚಿಕೊಳ್ಳಲೂಬಹುದು. ವಾಂತಿ, ಭೇದಿ, ತೂರಾಡುವ ನಡೆ, ಕರೆದರೆ ತಿರುಗದ ಕಣ್ಣು, ಕೊನೆಗೆ ಅಪಸ್ಮಾರದಂತಹ ಸೆಳೆತ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106ರ ಹತ್ತಿರ ಬಂತೆಂದರೆ ಪ್ರಾಣಾಪಾಯ. ಆಗ ಮಾಡಬೇಕಾದುದು ಒಂದೇ: ಮೊದಲು ತಣಿಸುವುದು, ಆಮೇಲೆ ಆಸ್ಪತ್ರೆಗೆ ಒಯ್ಯುವುದು. ವಾಹನ ಹುಡುಕುತ್ತಾ ಕಳೆಯುವ ಅರ್ಧ ಗಂಟೆಯೇ ಜೀವ ತೆಗೆಯುತ್ತದೆ. ನೆರಳಿಗೆ ಎಳೆದು, ಬಾವಿಯ ನೀರನ್ನು ಹೊಟ್ಟೆ, ತೊಡೆಸಂದಿ, ಕಂಕುಳು, ಅಂಗಾಲುಗಳಿಗೆ ಧಾರಾಳ ಹೊಯ್ಯಿರಿ. ಜೊತೆಗೆ ಗಾಳಿ ಬೀಸಿರಿ. ಟೇಬಲ್ ಫ್ಯಾನ್ ಇದ್ದರೆ ಸರಿ, ಇಲ್ಲವಾದರೆ ಅಡಿಕೆ ಹಾಳೆಯ ಬೀಸಣಿಗೆ ಇದ್ದೇ ಇದೆ. ಐಸ್ ಹುಡುಕುತ್ತಾ ಹೊತ್ತು ಕಳೆಯುವುದು ಬೇಡ. ಕೈಗೆ ಸಿಕ್ಕಿದ ನೀರೇ ಸಾಕು. ಒದ್ದೆ ಗೋಣಿಯನ್ನು ಮೈಮೇಲೆ ಹೊದೆಸಿ ಬಿಡುವುದೂ ಬೇಡ. ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಎಚ್ಚರವಿದ್ದರೆ ಸ್ವಲ್ಪ ಸ್ವಲ್ಪ ನೀರು ಕುಡಿಯಲಿ, ಎಚ್ಚರ ತಪ್ಪಿದ್ದರೆ ಬಾಯಿಗೆ ಹೊಯ್ಯಬಾರದು. ಉಸಿರು ಹತೋಟಿಗೆ ಬಂದಮೇಲೆ ನೀರು ಹೊಯ್ಯುವುದನ್ನು ನಿಲ್ಲಿಸಿ, ತಡಮಾಡದೆ ಮೃಗಾಸ್ಪತ್ರೆಗೆ ಒಯ್ಯಿರಿ. ಎದ್ದು ಬಾಲ ಆಡಿಸಿತೆಂದು ಸುಮ್ಮನಾಗಬಾರದು. ಮೂತ್ರಪಿಂಡ, ಯಕೃತ್ತುಗಳಿಗೆ ಆದ ಹಾನಿ ಒಂದೆರಡು ದಿನ ಕಳೆದೂ ಕಾಣಿಸಿಕೊಳ್ಳಬಹುದು. ಹತ್ತಿರದ ಮೃಗವೈದ್ಯರ ದೂರವಾಣಿ ಸಂಖ್ಯೆಯನ್ನು, ರಜಾದಿನ ಯಾರನ್ನು ಕರೆಯಬೇಕೆಂಬುದನ್ನೂ ಸೇರಿಸಿ, ಇಂದೇ ಗೋಡೆಯ ಕ್ಯಾಲೆಂಡರಿನ ಬದಿಯಲ್ಲಿ ಬರೆದಿಡುವುದು ಉತ್ತಮ. ನಮ್ಮ ಮನೆಯಲ್ಲಿ ಅದು ಇರಲಿಲ್ಲ.

ಎರಡು ಆಕ್ಷೇಪಗಳು ಬರುವುವೆಂದು ಬಲ್ಲೆವು. ಒಂದು, ಮನುಷ್ಯರಿಗೇ ನೀರಿಲ್ಲದಾಗ ನಾಯಿಗೆಲ್ಲಿಂದ ಎಂಬುದು. ಎತ್ತರದ ಗುಡ್ಡೆಯ ಮನೆಗಳವರು ಟ್ಯಾಂಕರಿಗೆ ಕಾಯುತ್ತಾ ಹೇಳುವ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಲೆಕ್ಕ ನೋಡಿದರೆ, ನಾಯಿ ದಿನವಿಡೀ ಕುಡಿಯುವುದು ನಾವು ಸ್ನಾನಕ್ಕೆ ಸುರಿಯುವ ಮೊದಲ ಎರಡು ಚೊಂಬಿನಷ್ಟು. ಗೋಣಿ ನೆನೆಸಲು, ನೆಲಕ್ಕೆ ಚಿಮುಕಿಸಲು ಅಕ್ಕಿ ತೊಳೆದ ನೀರು ಸಾಕು. ಎರಡನೆಯದು ಬೀದಿನಾಯಿಗಳ ಭಯ. 2023ರ ಜೂನ್‌ನಲ್ಲಿ ನೆರೆಯ ಕಣ್ಣೂರು ಜಿಲ್ಲೆಯ ಮುಳಪ್ಪಿಲಂಗಾಡಿನಲ್ಲಿ ಹನ್ನೊಂದು ವರ್ಷದ ಬಾಲಕನೊಬ್ಬ ಬೀದಿನಾಯಿಗಳಿಗೆ ಬಲಿಯಾದುದನ್ನು ಯಾವ ತಾಯಿ ಮರೆಯಬಲ್ಲಳು? ಮಕ್ಕಳ ಪ್ರಾಣಕ್ಕಿಂತ ನಾಯಿ ಮೇಲೆಂದು ಈ ಪತ್ರಿಕೆ ಎಂದೂ ಹೇಳದು. ಆದರೆ ಇದನ್ನೂ ಯೋಚಿಸಬೇಕು: ಅಮೆರಿಕದ ಎಂಟು ನಗರಗಳಲ್ಲಿ ವರದಿಯಾದ ಸುಮಾರು ಎಪ್ಪತ್ತು ಸಾವಿರ ನಾಯಿಕಡಿತಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಿಸಿಲೂ ಸೆಕೆಯೂ ಹೆಚ್ಚಿದ ದಿನಗಳಲ್ಲಿ ಕಡಿತಗಳೂ ಹೆಚ್ಚಿದ್ದುವೆಂದು ಕಂಡುಕೊಂಡಿದೆ. ಬಾಯಾರಿ ಬಳಲಿದ ಪ್ರಾಣಿ ಸಿಡುಕುವುದರಲ್ಲಿ ಆಶ್ಚರ್ಯವಿಲ್ಲ. ಸಾಕಿದ ನಾಯಿಯನ್ನು ತಂಪಾಗಿಡುವುದು ಅದಕ್ಕೆ ಅನ್ನ ಹಾಕುವ ಮಗುವಿನ ಕ್ಷೇಮವೂ ಹೌದು. ದಾರಿಹೋಕ ನಾಯಿಗೆ ನೀರಿಡಬೇಕೆನ್ನುವವರು ಶಾಲೆಯ ದಾರಿ, ಬಸ್ ತಂಗುದಾಣ, ಅಂಗನವಾಡಿಗಳಿಂದ ದೂರದಲ್ಲಿ, ತೋಟದ ಮೂಲೆಯಲ್ಲಿ ಇಡಲಿ. ಹುಚ್ಚುನಾಯಿ ರೋಗದ ಚುಚ್ಚುಮದ್ದು, ಪಂಚಾಯತಿನ ಲೈಸೆನ್ಸು - ಇವನ್ನು ತಪ್ಪಿಸುವವರಿಗೆ ನಾಯಿಪ್ರೀತಿಯ ಮಾತಾಡುವ ಹಕ್ಕಿಲ್ಲ.

ಇಲ್ಲಿ ನಮ್ಮವರಿಗೇ ಸಂಬಂಧಿಸಿದ ಒಂದು ತೊಡಕನ್ನು ಹೇಳಬೇಕು. ಬಿಸಿಲಿನ ಎಚ್ಚರಿಕೆ, ಚುಚ್ಚುಮದ್ದಿನ ಶಿಬಿರದ ದಿನಾಂಕ, ಮೃಗಾಸ್ಪತ್ರೆಯ ಸಮಯ - ಇವು ಗೋಡೆಗೆ ಬರುವುದು ಬಹುಪಾಲು ಮಲಯಾಳದಲ್ಲಿ. ಮನೆಯಲ್ಲಿ ನಾಯಿ ನೋಡಿಕೊಳ್ಳುವವರು ಕನ್ನಡ ಮಾತ್ರ ಓದಬಲ್ಲ ಅಜ್ಜ ಅಜ್ಜಿಯರು. ಫಲಕದ ಮುಂದೆಯೇ ನಡೆದುಹೋದರೂ ಶಿಬಿರ ಮುಗಿದ ಮೇಲೆ ಅವರಿಗೆ ವಿಷಯ ತಿಳಿಯುತ್ತದೆ. ಕನ್ನಡದಲ್ಲೂ ಪ್ರಕಟಣೆ ಬರೆಯಿರೆಂದು ಪಂಚಾಯತಿಗೆ ಮನವಿ ಕೊಡುವುದು ನಮ್ಮ ಹಕ್ಕು, ಕೊಡೋಣ. ಉತ್ತರ ಬರುವವರೆಗೆ ಬೇಸಗೆ ಕಾಯುವುದಿಲ್ಲವಷ್ಟೆ. ಮಲಯಾಳ ಓದಬಲ್ಲ ಮಕ್ಕಳು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಅವರು ಆ ನಾಲ್ಕು ಸಾಲುಗಳನ್ನು ಕನ್ನಡಕ್ಕೆ ತಿರುಗಿಸಿ ಹಾಲಿನ ಸೊಸೈಟಿಯ ಬಾಗಿಲಲ್ಲೋ ಗ್ರಂಥಾಲಯದ ಹಲಗೆಯಲ್ಲೋ ಅಂಟಿಸಿದರೆ ಭಾಷೆಯ ಸೇವೆಯೂ ಆಯಿತು, ಜೀವದ ಸೇವೆಯೂ ಆಯಿತು.

ಕಾನೂನೂ ಮೌನವಾಗಿಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕೇಂದ್ರ ಶಾಸನದ 11ನೆಯ ವಿಧಿ, ಪ್ರಾಣಿಯನ್ನು ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾಗಿ ಹೊತ್ತು ಕಟ್ಟಿಡುವುದನ್ನು, ಸಾಕಷ್ಟು ಆಹಾರ ನೀರು ನೆರಳು ಕೊಡದಿರುವುದನ್ನು, ಸದಾ ಕಟ್ಟಿದ ನಾಯಿಯನ್ನು ನಡೆದಾಡಿಸದಿರುವುದನ್ನು ಕೂಡ ಕ್ರೌರ್ಯವೆಂದೇ ಕರೆದಿದೆ. ಮೊದಲ ತಪ್ಪಿಗೆ ಅದರಲ್ಲಿ ಬರೆದ ದಂಡ ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ. ಇಂದಿಗೂ ಅಷ್ಟೇ. ಐವತ್ತು ರೂಪಾಯಿಗೆ ಹೆದರಿ ಯಾರೂ ನಾಯಿಗೆ ನೀರಿಡುವುದಿಲ್ಲ. ಇಡುವವರು ಇಡುವುದು ಬೇರೆ ಕಾರಣಕ್ಕೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ನಾಡಿಗೆ ಆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಹಾಭಾರತದ ಆದಿಪರ್ವ ಆರಂಭವಾಗುವಲ್ಲೇ ಸರಮೆಯೆಂಬ ನಾಯಿ, ತಪ್ಪು ಮಾಡದ ತನ್ನ ಮರಿಯನ್ನು ಏಕೆ ಹೊಡೆದಿರೆಂದು ಜನಮೇಜಯನ ಯಜ್ಞಶಾಲೆಯಲ್ಲಿ ನಿಂತು ಕೇಳುತ್ತದೆ, ಅರಸುಮಕ್ಕಳಲ್ಲಿ ಉತ್ತರವಿರುವುದಿಲ್ಲ. ಕಥೆಯ ಕೊನೆಯಲ್ಲಿ ಧರ್ಮರಾಯ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವೇರಲು ಒಪ್ಪುವುದಿಲ್ಲ. ನಮ್ಮ ಮಲಯಾಳಿ ನೆರೆಯವರ ಪರಶ್ಶಿನಿಕ್ಕಡವು ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗಿರುವ ಗೌರವವನ್ನು ಹೋಗಿಬಂದವರೆಲ್ಲ ಕಂಡಿದ್ದಾರೆ. ಭಾಷೆ ಬೇರೆಯಾದರೂ ಈ ಒಂದು ವಿಷಯದಲ್ಲಿ ಎರಡೂ ಕಡೆಯ ಹಿರಿಯರು ಹೇಳಿಟ್ಟುದು ಒಂದೇ.

ಶಾಲೆಗಳಿಗೆ ಈಗ ರಜೆ. ಜೂನ್ ತಿಂಗಳವರೆಗೆ ಮಕ್ಕಳು ಮನೆಯಲ್ಲಿದ್ದಾರೆ. ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೆ: ಈ ಕೆಲಸವನ್ನು ಅವರಿಗೇ ಒಪ್ಪಿಸಿರಿ. ಬೆಳಿಗ್ಗೆ ಎಂಟಕ್ಕೆ, ನಡುಹಗಲು ಹನ್ನೆರಡಕ್ಕೆ, ಮಧ್ಯಾಹ್ನ ಮೂರಕ್ಕೆ - ದಿನಕ್ಕೆ ಮೂರು ಬಾರಿ ಹೋಗಿ ನೀರಿದೆಯೇ, ನೆರಳು ಎಲ್ಲಿದೆ ಎಂದು ನೋಡಿ ಬರಲಿ. ನಾಯಿಯನ್ನು ಮುಟ್ಟಬೇಕಾಗಿಲ್ಲ, ನೋಡಿ ಬಂದು ಹೇಳಿದರೆ ಸಾಕು, ಉಳಿದುದನ್ನು ದೊಡ್ಡವರು ಮಾಡಲಿ. ಮದುವೆಗೋ ಬ್ರಹ್ಮಕಲಶಕ್ಕೋ ಮನೆಮಂದಿಯೆಲ್ಲ ಹೊರಡುವ ದಿನವಿದ್ದರೆ ನೆರೆಮನೆಯವರಲ್ಲಿ ಒಂದು ಮಾತು ಹೇಳಿ, ಗೇಟಿನ ಬೀಗದ ಕೈ ಕೊಟ್ಟು ಹೋಗಿರಿ. ನಡುಹಗಲಿಗೆ ಒಮ್ಮೆ ಬಂದು ನೋಡುವ ಉಪಕಾರವನ್ನು ನಮ್ಮ ಊರುಗಳಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ನಾವು ಕೇಳಿದ್ದರೆ ನಮ್ಮ ನೆರೆಯವರೂ ಬರುತ್ತಿದ್ದರು.